ಸರಪಳಿ ತುಂಡಾದದ್ದು ಯಾರ ಹಣೆಬರಹ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಮರುದಿನ ಬೆಳಗ್ಗೆ ನಾನು ಮುನಿರಾಬಾದಿನ ಒಂದು ಚಹಾ ಅಂಗಡಿಯ ಮುಂದೆ ನಿಂತಿದ್ದೆ. ನದಿಯ ಸದ್ದು ಅಲ್ಲಿಯವರೆಗೂ ಕೇಳುತ್ತಿತ್ತು. ಗ್ಲಾಸು ಹಿಡಿದವರೆಲ್ಲ ಒಂದೊಂದು ಕಾರಣ ಹೇಳುತ್ತಿದ್ದರು. ಡ್ಯಾಮು ತುಂಬಿ ಇಷ್ಟು ದಿನವಾದರೂ ಬಾಗಿನ ಕೊಡಲಿಲ್ಲ, ಗಂಗಮ್ಮ ಮುನಿದಳು ಎಂದರು ಒಬ್ಬರು. ಇನ್ನೊಬ್ಬರು ಬೆರಳು ಮಡಚಿ, ಒಂದಕ್ಕೆ ಒಂಬತ್ತು ಕೂಡಿದರೆ ಹತ್ತು, ನಿನ್ನೆಯ ತಾರೀಖೂ ಹತ್ತು, ನೋಡಿದಿರಾ ಎಂದರು. ಗಂಗಾವತಿ ಕಡೆಯ ರೈತರೊಬ್ಬರು ಟವೆಲಿನಿಂದ ಮುಖ ಒರೆಸಿಕೊಂಡು, "ಭತ್ತದ ನಾಟಿ ಮುಗಿಸಿ ಕುಳಿತಿದ್ದೆವು. ನಮ್ಮ ಹಣೆಬರಹ, ಯಾರು ಏನು ಮಾಡುವುದಕ್ಕಾಗುತ್ತದೆ?" ಎಂದರು. ಪಕ್ಕದ ಗ್ಯಾರೇಜಿನಿಂದ ಚಹಾ ಒಯ್ಯಲು ಬಂದಿದ್ದ ಹುಡುಗ, ಕೈಯೆಲ್ಲ ಗ್ರೀಸು, ಯಾರೂ ಕೇಳದಿದ್ದರೂ ಹೇಳಿದ: "ಎಪ್ಪತ್ತು ವರ್ಷದ ಸರಪಳಿ, ಕಾಕಾ. ಕೊಂಡಿ ಸವೆದಿರುತ್ತದೆ."

ಅವನಿಗೆ ಯಾರೂ ಉತ್ತರ ಕೊಡಲಿಲ್ಲ. ಅವನ ಮಾತಿನಲ್ಲಿ ದೇವರೂ ಇರಲಿಲ್ಲ, ರಾಜಕಾರಣಿಯೂ ಇರಲಿಲ್ಲ, ಹಾಗಾಗಿ ಅದಕ್ಕೆ ರುಚಿಯೂ ಇರಲಿಲ್ಲವೇನೋ.

ಮುಂದಿನ ಒಂದು ವಾರದ ಕಥೆ ಎಲ್ಲರಿಗೂ ಗೊತ್ತು. ಗೇಟುಗಳ ಕೆಲಸದಲ್ಲೇ ತಲೆ ಹಣ್ಣಾಗಿಸಿಕೊಂಡ ಎಂಜಿನಿಯರ್ ಕನ್ನಯ್ಯ ನಾಯ್ಡು ಬಂದರು. ಸುತ್ತಲಿನ ಕಾರ್ಖಾನೆಗಳಲ್ಲಿ ತಾತ್ಕಾಲಿಕ ಗೇಟಿನ ಹಲಗೆಗಳು ಸಿದ್ಧವಾದವು. ಧುಮುಕುವ ನೀರಿನಲ್ಲೇ ಕ್ರೇನಿನಿಂದ ಒಂದೊಂದನ್ನಾಗಿ ಇಳಿಸಿ ನೀರು ನಿಲ್ಲಿಸಿದರು. ಅಷ್ಟರಲ್ಲಿ ಹತ್ತಾರು ಟಿಎಂಸಿ ಹರಿದುಹೋಗಿತ್ತು. 105 ಟಿಎಂಸಿ ಹಿಡಿಯುವ ಜಲಾಶಯವನ್ನು 2025ರಲ್ಲಿ 80ಕ್ಕೇ ನಿಲ್ಲಿಸಿದರು. ಎಲ್ಲ 33 ಗೇಟುಗಳನ್ನೂ ಬದಲಿಸಬೇಕಾಗಿ ಬಂದು ಎರಡನೇ ಬೆಳೆಯ ನೀರಿಗೆ ಕತ್ತರಿ ಬಿತ್ತು.

ಆ ಬೆಳಗ್ಗೆ ಕೇಳಿದ ಎರಡು ಮಾತುಗಳು, ರೈತರ ಹಣೆಬರಹ ಮತ್ತು ಹುಡುಗನ ಸವೆದ ಕೊಂಡಿ, ನನ್ನನ್ನು ಅಂದಿನಿಂದ ಬಿಟ್ಟಿಲ್ಲ. ಎರಡರಲ್ಲೂ ಒಂದು ಸಾಮ್ಯವಿದೆ: ಯಾರೂ ಬೇಕೆಂದು ಮಾಡಿದ್ದಲ್ಲ. ಸರಪಳಿ ತನ್ನ ಇಚ್ಛೆಯಿಂದ ತುಂಡಾಗಲಿಲ್ಲ, ಆಗಲೇಬೇಕಿತ್ತು, ಆಯಿತು. ಆದರೆ ಹುಡುಗನ ಮಾತಿನ ಹಿಂದೆಯೇ ಇನ್ನೊಂದು ಪ್ರಶ್ನೆ ಏಳುತ್ತದೆ. ಆ ಕೊಂಡಿಯನ್ನು ಕೊನೆಯ ಸಲ ಯಾರು, ಯಾವಾಗ ಮುಟ್ಟಿ ನೋಡಿದ್ದರು? ಹಣೆಬರಹದ ಹಿಂದೆ ಯಾವ ಪ್ರಶ್ನೆಯೂ ಏಳುವುದಿಲ್ಲ. ಹಣೆಬರಹಕ್ಕೆ ಹೊಣೆ ಯಾರು ಎಂಬ ಗಾದೆಯನ್ನು ನಾವು ಪ್ರಶ್ನೆಯ ರೂಪದಲ್ಲಿ ಹೇಳುತ್ತೇವೆಯೇ ಹೊರತು ಉತ್ತರ ಬೇಕೆಂದು ಹೇಳುವುದಿಲ್ಲ.

ಈ ವ್ಯತ್ಯಾಸವನ್ನು ಈಗ ಬಿಡಿಸಿ ಹೇಳಬೇಕಾಗಿ ಬಂದಿರುವುದಕ್ಕೆ ಕಾರಣವಿದೆ. ಎರಡು ಮೂರು ವರ್ಷಗಳಿಂದ ನಮ್ಮ ಮೊಬೈಲುಗಳಲ್ಲಿ ಒಂದು ಹೊಸ ವಾದ ಓಡಾಡುತ್ತಿದೆ. ಕೆಲವರು ಕಾವಿ ತೊಟ್ಟು ಹೇಳುತ್ತಾರೆ, ಕೆಲವರು ಕೋಟು ತೊಟ್ಟು. ಹೇಳುವುದು ಒಂದೇ: ಮನುಷ್ಯನಿಗೆ ಇಚ್ಛಾ ಸ್ವಾತಂತ್ರ್ಯವಿಲ್ಲ ಎಂದು ವಿಜ್ಞಾನವೇ ಸಾಬೀತು ಮಾಡಿದೆ, ನಮ್ಮ ಹಿರಿಯರು ಅದನ್ನೇ ಹಣೆಬರಹ ಎಂದರು. ದೇವರನ್ನು ನಂಬದ ನನಗೆ ಗೆಳೆಯರು ಇಂಥ ವಿಡಿಯೊಗಳನ್ನು ತಪ್ಪದೆ ಕಳುಹಿಸುತ್ತಾರೆ, ಕೆಳಗೊಂದು ನಗುಮುಖ ಅಂಟಿಸಿ.

ವಿಡಿಯೊದವರು ಆಧಾರವಾಗಿ ಕೊಡುವುದು ಸಾಮಾನ್ಯವಾಗಿ 1983ರ ಒಂದು ಪ್ರಯೋಗವನ್ನು. ಅಮೆರಿಕದ ಬೆಂಜಮಿನ್ ಲಿಬೆಟ್ ಎಂಬ ನರವಿಜ್ಞಾನಿ ಕೆಲವರ ತಲೆಗೆ ತಂತಿ ಅಂಟಿಸಿ ಕೂರಿಸಿದರು. ಮನಸ್ಸಾದಾಗ ಮಣಿಕಟ್ಟನ್ನು ಆಡಿಸಿ, ಆಡಿಸಬೇಕೆನಿಸಿದ ಗಳಿಗೆಯಲ್ಲಿ ಎದುರಿನ ಗಡಿಯಾರದ ಚುಕ್ಕೆ ಎಲ್ಲಿತ್ತು ಎಂದು ಹೇಳಿ ಎಂದರು. ಕೈ ಆಡುವುದಕ್ಕೆ ಸುಮಾರು 200 ಮಿಲಿಸೆಕೆಂಡು ಮೊದಲು ತಮಗೆ ಮನಸ್ಸಾಯಿತು ಎಂದು ಜನ ಹೇಳಿದರು. ಮಿದುಳಿನ ವಿದ್ಯುತ್ ಅಲೆ ಮಾತ್ರ ಸುಮಾರು 550 ಮಿಲಿಸೆಕೆಂಡು ಮೊದಲೇ ಏಳತೊಡಗಿತ್ತು. ಅಂದರೆ ನಾನು ತೀರ್ಮಾನಿಸಿದೆ ಎಂದು ನನಗೆ ಅನ್ನಿಸುವ ಮೊದಲೇ ಮಿದುಳು ಹೊರಟುಬಿಟ್ಟಿದೆ. ಕೇಳಿದರೆ ಮೈ ಜುಮ್ಮೆನ್ನುತ್ತದೆ.

ವಿಡಿಯೊ ಅಲ್ಲಿಗೆ ನಿಲ್ಲುತ್ತದೆ, ಸಂಶೋಧನೆ ಅಲ್ಲಿಗೆ ನಿಲ್ಲಲಿಲ್ಲ. ಲಿಬೆಟ್ ಅವರೇ, ಹೊರಟ ಕೈಯನ್ನು ಕೊನೆಯ ಗಳಿಗೆಯಲ್ಲಿ ತಡೆಯುವ ಶಕ್ತಿ ಅರಿವಿಗೆ ಇದೆ ಎಂದು ನಂಬಿದ್ದರು. 2012ರಲ್ಲಿ ಆರನ್ ಶುರ್ಗರ್ ಮತ್ತು ಸಂಗಡಿಗರು ಆ ಅಲೆಯನ್ನೇ ಬೇರೆ ಬಗೆಯಲ್ಲಿ ಓದಿದರು. ಮಿದುಳಿನಲ್ಲಿ ಸದಾ ಏರಿಳಿತಗಳಿರುತ್ತವೆ, ಅವುಗಳ ಮೊತ್ತ ಒಂದು ಗೆರೆ ದಾಟಿದಾಗ ಕೈ ಆಡುತ್ತದೆ. ಕೈ ಆಡಿದ ಗಳಿಗೆಗಳನ್ನಷ್ಟೇ ಆಯ್ದು ಹಿಂದಕ್ಕೆ ಎಣಿಸಿದರೆ ಆ ಏರಿಳಿತ ಮೊದಲೇ ಮಾಡಿದ ತೀರ್ಮಾನದಂತೆ ಕಾಣುತ್ತದೆ ಎಂದರು. ಕಾಲುವೆಗೆ ನೀರು ಬಂದ ದಿನ ನೋಡಿ, ಮಳೆ ಈ ದಿನಕ್ಕೆಂದೇ ಬಿದ್ದಿತ್ತು ಎಂದ ಹಾಗೆ. ಹಾಗೆಂದು ಇಚ್ಛಾ ಸ್ವಾತಂತ್ರ್ಯ ಗೆದ್ದಿತು ಎಂದೂ ಅಲ್ಲ. ಸ್ಟ್ಯಾನ್‌ಫರ್ಡ್‌ನ ರಾಬರ್ಟ್ ಸಪೋಲ್‌ಸ್ಕಿ ಅವರಂಥ ವಿಜ್ಞಾನಿಗಳು ಅದು ಎಳ್ಳಷ್ಟೂ ಇಲ್ಲ ಎಂದೇ ವಾದಿಸುತ್ತಾರೆ. ವಂಶವಾಹಿ, ತಾಯಿಯ ಗರ್ಭ, ಬಾಲ್ಯದ ಊಟ, ನಿನ್ನೆಯ ನಿದ್ದೆ, ಇವೆಲ್ಲ ಸೇರಿ ನಮ್ಮನ್ನು ನಡೆಸುತ್ತವೆ, ನಾವು ನಡೆದೆವು ಎಂದುಕೊಳ್ಳುತ್ತೇವೆ ಎನ್ನುವ ವಾದ ಅದು. ನನಗೆ ಅವರ ಮಾತು ಬಹುಮಟ್ಟಿಗೆ ಒಪ್ಪಿಗೆ.

ಅವರು ಅಲ್ಲಿಂದ ಎಲ್ಲಿಗೆ ಹೋಗುತ್ತಾರೆ ನೋಡಿ. ಯಾರೂ ತನ್ನನ್ನು ತಾನೇ ರೂಪಿಸಿಕೊಂಡಿಲ್ಲವಾದರೆ, ತಪ್ಪು ಮಾಡಿದವನನ್ನು ದ್ವೇಷಿಸುವ ಹಕ್ಕು ನಮಗಿಲ್ಲ, ಗೆದ್ದವನಿಗೆ ಬೀಗುವ ಹಕ್ಕೂ ಇಲ್ಲ. ಬದಲಾಗಬೇಕಾದದ್ದು ಕಾರಣಗಳು. ನಮ್ಮ ಹಣೆಬರಹ ಅದೇ ಬಾಗಿಲಿನಿಂದ ಹೊರಟು ಎದುರು ದಿಕ್ಕಿಗೆ ನಡೆಯುತ್ತದೆ. ಬಡವ ಬಡವನಾಗಿರುವುದು ಅವನು ಪಡೆದುಕೊಂಡು ಬಂದದ್ದು, ಧಣಿ ಧಣಿಯಾಗಿರುವುದು ಪೂರ್ವಜನ್ಮದ ಪುಣ್ಯ. ಒಂದನ್ನು ಕಾರಣವಾದ, ಇನ್ನೊಂದನ್ನು ವಿಧಿವಾದ ಎಂದು ಕರೆಯೋಣ. ಇವೆರಡನ್ನು ಒಂದೇ ಎನ್ನುವುದು ಬಾವಿಗೂ ಬಾವಿಯ ಚಿತ್ರಕ್ಕೂ ಒಂದೇ ಹಗ್ಗ ಬಿಟ್ಟಂತೆ.

ನಮ್ಮ ಕೊಪ್ಪಳ ಜಿಲ್ಲೆಯದೇ ಒಂದು ಉದಾಹರಣೆ ಕೊಡುತ್ತೇನೆ. ಯಲಬುರ್ಗಾ, ಕುಷ್ಟಗಿ ತಾಲ್ಲೂಕುಗಳ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ಗತಿಯಿಲ್ಲದಿದ್ದರೆ 1.5ರವರೆಗೆ ಕುಡಿಯಬಹುದು ಎನ್ನುತ್ತದೆ ಭಾರತೀಯ ಮಾನಕ. ಅದನ್ನು ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ ಕಂದು ಕಲೆ ಕೂರುತ್ತದೆ. ಪ್ರಮಾಣ ಇನ್ನೂ ಹೆಚ್ಚಾದರೆ ದೊಡ್ಡವರ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ನನ್ನ ದೊಡ್ಡಪ್ಪನೊಬ್ಬ ಇದ್ದ, ಐವತ್ತಕ್ಕೇ ನೆಲ ನೋಡುತ್ತಾ ನಡೆಯುತ್ತಿದ್ದ. ಕೇಳಿದವರಿಗೆಲ್ಲ, "ಹಿಂದಿನ ಜನ್ಮದಲ್ಲಿ ಯಾರಿಗೆ ಒದ್ದಿದ್ದೆನೋ, ಈಗ ಬಾಗಿಸಿದ್ದಾನೆ" ಎನ್ನುತ್ತಿದ್ದ. ಅವನ ಓಣಿಯಲ್ಲಿ ಹಾಗೆ ಬಾಗಿದವರು ಆರು ಜನ. ಆರೂ ಜನ ಹಿಂದಿನ ಜನ್ಮದಲ್ಲಿ ಒದ್ದು, ಈ ಜನ್ಮದಲ್ಲಿ ಒಂದೇ ಕೈಪಂಪಿನ ಸುತ್ತ ಹುಟ್ಟಿದ್ದರು ಎಂದಾಯಿತು. ದೊಡ್ಡಪ್ಪ ಆ ನೀರನ್ನು ಆರಿಸಿಕೊಳ್ಳಲಿಲ್ಲ. ಅಲ್ಲಿ ಇಚ್ಛೆಯ ಮಾತೇ ಇಲ್ಲ, ನನ್ನ ವಿಜ್ಞಾನಿಗಳು ಗೆದ್ದರು. ಆದರೆ ಕೈಪಂಪಿಗೆ ಕೆಂಪು ಬಣ್ಣ ಬಳಿದು, ಊರಿಗೆ ಶುದ್ಧ ನೀರಿನ ಘಟಕ ಬಂದ ಮೇಲೆ ಹುಟ್ಟಿದ ಮಕ್ಕಳ ಹಲ್ಲು ಬೆಳ್ಳಗಿವೆ.

ಈ ಜಗಳ ನಮ್ಮ ನೆಲದ ಮಟ್ಟಿಗೆ ಹೊಸದೇನಲ್ಲ. ಕೊಪ್ಪಳದ ಗವಿಮಠದ ಬೆಟ್ಟ ಹತ್ತಿದರೆ ಬಂಡೆಯ ಮೇಲೆ ಅಶೋಕನ ಕಿರು ಶಾಸನವಿದೆ, ಇನ್ನೊಂದು ಪಾಲ್ಕಿಗುಂಡಿನಲ್ಲಿ. ರಾಯಚೂರು ಜಿಲ್ಲೆಯ ಮಸ್ಕಿಯದು ಹೆಚ್ಚು ಹೆಸರುವಾಸಿ. 1915ರಲ್ಲಿ ಅದು ಸಿಕ್ಕಾಗ ದೇವಾನಾಂಪಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಕಾಣಿಸಿ, ಆ ಬಿರುದಿನ ರಾಜ ಯಾರು ಎಂಬ ಇತಿಹಾಸಕಾರರ ಒಗಟು ಬಿಚ್ಚಿತು. ಹೆಸರಿನ ಗದ್ದಲದಲ್ಲಿ ಶಾಸನ ಏನು ಹೇಳುತ್ತದೆ ಎಂಬುದನ್ನು ನಾವು ಮರೆತೆವು. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಮೇಷ್ಟ್ರುಗಳೂ ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ, ಕ್ರಿ.ಪೂ. 3ನೇ ಶತಮಾನ ಎಂದು ಹೇಳಿ ಬಸ್ ಹತ್ತಿಸುತ್ತಾರೆ.

ಅದರಲ್ಲಿರುವುದು ಪ್ರಯತ್ನದ ಮಾತು. ನಾನು ಉಪಾಸಕನಾದೆ, ಆದರೂ ಮೊದಲು ಅಷ್ಟಾಗಿ ಶ್ರಮಿಸಲಿಲ್ಲ, ಆಮೇಲೆ ಶ್ರಮಿಸಿದೆ, ಇದು ಶ್ರಮದ ಫಲ ಎನ್ನುತ್ತಾನೆ ರಾಜ. ಅದಕ್ಕೆ ಬಳಸಿದ ಪದ ಪಕಮ, ಸಂಸ್ಕೃತದ ಪ್ರಕ್ರಮ. ಈ ಫಲ ದೊಡ್ಡವರಿಗಷ್ಟೇ ದಕ್ಕುವಂಥದ್ದಲ್ಲ, ಚಿಕ್ಕವನೂ ಶ್ರಮಿಸಿದರೆ ಪಡೆಯಬಹುದು ಎಂದು ಮುಂದುವರಿಸುತ್ತಾನೆ. ಮಸ್ಕಿಯ ಪಾಠದಲ್ಲಂತೂ, ದೊಡ್ಡವನೊಬ್ಬನೇ ಇದನ್ನು ಪಡೆದಾನು ಎಂದು ತಿಳಿಯಬಾರದು ಎಂದು ಒತ್ತಿ ಹೇಳಿದೆ. ಕಲ್ಲಿನ ಮೇಲೆ ಕೊರೆಯುವವನು ಯಾರೂ ಅಲ್ಲಗಳೆಯದ ಮಾತನ್ನು ಇಷ್ಟು ಒತ್ತಿ ಹೇಳುವುದಿಲ್ಲ. ಅಲ್ಲಗಳೆಯುವವರು ಆಗ ಇದ್ದರು. ಮಕ್ಖಲಿ ಗೋಸಾಲನ ಹಿಂಬಾಲಕರಾದ ಆಜೀವಿಕರು, ಪುರುಷ ಪ್ರಯತ್ನ ಎಂಬುದೇ ಇಲ್ಲ, ಎಲ್ಲವೂ ನಿಯತಿ ಎನ್ನುತ್ತಿದ್ದರು. ಎಸೆದ ನೂಲಿನ ಉಂಡೆ ತನ್ನಷ್ಟಕ್ಕೆ ಬಿಚ್ಚಿಕೊಳ್ಳುತ್ತಾ ಹೋಗಿ ನೂಲು ಮುಗಿದಲ್ಲಿ ನಿಲ್ಲುವಂತೆ, ಮೂರ್ಖನೂ ಪಂಡಿತನೂ ಜನ್ಮಗಳನ್ನು ಸುತ್ತಿ ಮುಗಿಸುತ್ತಾರೆ, ಅಷ್ಟೇ. ಅವರ ಸ್ವಂತ ಗ್ರಂಥಗಳು ಉಳಿದಿಲ್ಲ. ಎದುರಾಳಿಗಳಾದ ಬೌದ್ಧರೂ ಜೈನರೂ ಬರೆದಿಟ್ಟಿದ್ದರಿಂದ ಇಷ್ಟು ಗೊತ್ತು, ಎದುರಾಳಿ ಬರೆದದ್ದನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು.

ತಮಾಷೆಯೆಂದರೆ, ಕೊಪ್ಪಳದ ಬಂಡೆಯ ಮೇಲೆ ಶ್ರಮದ ಫಲ ಎಂದು ಕೊರೆಸಿದ ಅದೇ ಅಶೋಕ ತನ್ನ ಪಟ್ಟಾಭಿಷೇಕದ 12ನೇ ವರ್ಷದಲ್ಲಿ ಬಿಹಾರದ ಬರಾಬರ್ ಬೆಟ್ಟದ ಗುಹೆಗಳನ್ನು ಆಜೀವಿಕರಿಗೆ ದಾನ ಮಾಡಿದ. ಮಳೆಗಾಲದಲ್ಲಿ ನಿಯತಿವಾದಿಗೂ ತಲೆಯ ಮೇಲೊಂದು ಸೂರು ಬೇಕು. ಅವರೂ, ನಿಯತಿ ಇದ್ದರೆ ಗುಹೆ ತಾನೇ ಬರುತ್ತದೆ ಎಂದು ಹೊರಗೆ ನೆನೆಯುತ್ತಾ ಕೂರಲಿಲ್ಲ.

ರಾಯಚೂರು ಸೀಮೆಗೆ ಬಂದರೆ ಈ ಚರ್ಚೆಯೇ ಹಾಡಾಗಿದೆ. ಇದು ಹರಿದಾಸರ ನೆಲ. ಮಧ್ವಾಚಾರ್ಯರ ಮತದಲ್ಲಿ ಸ್ವತಂತ್ರ ಎನ್ನಿಸಿಕೊಳ್ಳುವವನು ಹರಿಯೊಬ್ಬನೇ, ಉಳಿದದ್ದೆಲ್ಲ ಪರತಂತ್ರ. ಜೀವರಲ್ಲೂ ಮುಕ್ತಿಗೆ ಹೋಗುವವರು, ಸಂಸಾರದಲ್ಲೇ ಸುತ್ತುವವರು, ಕತ್ತಲೆಗೆ ಬೀಳುವವರು ಎಂಬ ಸ್ವಭಾವಭೇದ ಅನಾದಿ. ಇಷ್ಟು ಗಟ್ಟಿಯಾಗಿ ಇಚ್ಛಾ ಸ್ವಾತಂತ್ರ್ಯವನ್ನು ಕಟ್ಟಿಹಾಕಿದ ಮತ ಇನ್ನೊಂದು ಇಲ್ಲಿ ಸಿಗುವುದು ಕಷ್ಟ. ಆದರೂ ಮಾನ್ವಿಯ ಜಗನ್ನಾಥದಾಸರ ಬಗ್ಗೆ ನಮ್ಮ ಅಜ್ಜಿಯರು ಹೇಳುವ ಕಥೆ ಕೇಳಿ. ಪಾಂಡಿತ್ಯದ ಗರ್ವದಲ್ಲಿ ವಿಜಯದಾಸರನ್ನು ಹೀಗಳೆದ ಅವರಿಗೆ ಹೊಟ್ಟೆಶೂಲೆ ಬಂದು ಸಾವು ಹತ್ತಿರವಾಯಿತು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷ ತೆಗೆದು ಅವರಿಗೆ ಕೊಟ್ಟರು. ಚಿಕ್ಕವನಿದ್ದಾಗ ನನಗೆ ಅರ್ಥವಾಗದ್ದು ಇದು: ಆಯುಷ್ಯ ಹಣೆಯಲ್ಲಿ ಬರೆದದ್ದಾದರೆ ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಜಮಾ ಆಗುವುದು ಹೇಗೆ? ಈಗ ಅನ್ನಿಸುತ್ತದೆ, ಸಿದ್ಧಾಂತ ಎಲ್ಲ ಬಾಗಿಲು ಮುಚ್ಚಿದಾಗ ಕಥೆ ಕಿಟಕಿ ತೆರೆದಿಟ್ಟಿದೆ. ವಿಧಿಯನ್ನು ನಂಬಿದ ಜನ ವಿಧಿಯ ಕೈಯಿಂದ ತಪ್ಪಿಸಿಕೊಳ್ಳುವ ಉಪಾಯವನ್ನೂ ಪಕ್ಕದಲ್ಲೇ ಕಟ್ಟಿಕೊಂಡಿದ್ದಾರೆ. ಹರಕೆ, ಶಾಂತಿ, ದಾನ, ಪರಿಹಾರ ಎಲ್ಲ ಅದೇ. ಎಲ್ಲವೂ ಮೊದಲೇ ನಿಗದಿಯಾಗಿದ್ದರೆ ನವಗ್ರಹ ಶಾಂತಿಗೆ ದರಪಟ್ಟಿ ಏಕೆ?

ಹಾಗಾದರೆ ನಮ್ಮ ಜನಕ್ಕೆ ವಿಧಿಯ ಮೇಲೆ ನಿಜವಾದ ನಂಬಿಕೆ ಇದೆಯೇ? ನನ್ನ ಅನುಮಾನ ಇರುವುದು ಅಲ್ಲೇ. ಹಣೆಬರಹ ಎಂಬ ಮಾತು ಯಾರ ಬಾಯಿಂದ, ಯಾರ ಬಗ್ಗೆ, ಯಾವಾಗ ಬರುತ್ತದೆ ಎಂದು ಒಂದು ತಿಂಗಳು ಕಿವಿಗೊಟ್ಟು ಕೇಳಿ. ಮಗ ಪಿಯುಸಿಯಲ್ಲಿ ಶೇಕಡಾ 95 ತೆಗೆದರೆ ಅದು ಅವನ ಶ್ರಮ, ಫೇಲಾದರೆ ಗ್ರಹಚಾರ. ಪಕ್ಕದ ಮನೆಯವನ ಮಗ ಫೇಲಾದರೆ ಮಾತ್ರ ಅವನ ಸೋಮಾರಿತನ. ಗಣಿಗಾರಿಕೆ ಉಕ್ಕಿ ಹರಿಯುತ್ತಿದ್ದ ಕಾಲದಲ್ಲಿ ಬಳ್ಳಾರಿಯ ಧಣಿಗಳ ಹೆಲಿಕಾಪ್ಟರ್ ನೋಡಿ ಜನ "ಪುಣ್ಯ ಮಾಡಿದ್ದರು" ಎನ್ನುತ್ತಿದ್ದರು. ಅಂಥವರೊಬ್ಬರು 2009ರಲ್ಲಿ ತಿರುಪತಿಗೆ 40 ಕೋಟಿಗೂ ಮಿಕ್ಕಿದ ಬೆಲೆಯ ವಜ್ರದ ಕಿರೀಟ ಕೊಟ್ಟರೆಂದು ಪತ್ರಿಕೆಗಳು ಬರೆದಾಗಲೂ ಅದನ್ನೇ ಅಂದರು. ಸಂಡೂರಿನ ರಸ್ತೆಯ ಪಕ್ಕದಲ್ಲಿ ಕೆಂಪು ಧೂಳು ಕುಡಿದು ಕೆಮ್ಮುತ್ತಿದ್ದವನು ಏನು ಪಡೆದುಕೊಂಡು ಬಂದಿದ್ದ ಎಂದು ಯಾರೂ ಕೇಳಲಿಲ್ಲ. ಅದಿರಿನ ಬೆಲೆ ಏರಿದ್ದು ಚೀನಾದ ಬೇಡಿಕೆಯಿಂದ, ಧಣಿಗಳ ಪೂರ್ವಜನ್ಮದಿಂದಲ್ಲ.

ಈ ಮಾತಿನ ಅತಿ ಕ್ರೂರ ರೂಪವನ್ನು ನಾನು ಕಂಡದ್ದು ಹುಲಿಗೆಯಲ್ಲಿ. ಡ್ಯಾಮಿನ ಕೆಳಗೆ, ನದಿಯ ದಂಡೆಯಲ್ಲೇ ಹುಲಿಗೆಮ್ಮನ ಗುಡಿ. ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ ಕಾಲಿಡಲು ಜಾಗವಿರುವುದಿಲ್ಲ. ಅವ್ವನನ್ನು ಕರೆದುಕೊಂಡು ನಾನು ಪ್ರತಿ ವರ್ಷ ಹೋಗುತ್ತೇನೆ. ಅವಳು ಒಳಗೆ, ನಾನು ಹೊರಗೆ ಚಪ್ಪಲಿ ಕಾಯುತ್ತಾ. ಹಾಗೆ ಕಾಯುತ್ತಿದ್ದಾಗ ಒಮ್ಮೆ ಪಡಲಿಗೆ ಎಂಬ ದೇವಿಯ ಬುಟ್ಟಿ ಹೊತ್ತ ಹೆಂಗಸೊಬ್ಬರು ನೆರಳಿಗೆ ಬಂದು ಪಕ್ಕದಲ್ಲಿ ಕುಳಿತರು. ತಲೆಯ ಜಡೆ ಒಂದೇ ಹಗ್ಗವಾಗಿ ಗಂಟುಗಟ್ಟಿ, ಭಂಡಾರ ಮೆತ್ತಿಕೊಂಡು, ಮಡಿಲಿನವರೆಗೆ ಇಳಿದಿತ್ತು. ಭಾರಕ್ಕೆ ಕುತ್ತಿಗೆ ಒಂದು ಕಡೆಗೆ ವಾಲಿತ್ತು. ನೋವಾಗುವುದಿಲ್ಲವೇ ಅಕ್ಕಾ ಎಂದೆ. "ಎಂಟು ವರ್ಷದವಳಿದ್ದಾಗ ಜಡೆ ಬಂತು, ತಮ್ಮಾ. ದೇವಿ ಬೇಡಿದಳು ಎಂದು ಮುತ್ತು ಕಟ್ಟಿದರು" ಎಂದರು. ನೋವಿನ ಪ್ರಶ್ನೆಗೆ ಉತ್ತರ ಕೊಡಲಿಲ್ಲ.

ಎಣ್ಣೆ, ನೀರು, ಬಾಚಣಿಗೆ ಕಾಣದ ಕೂದಲು ಗಂಟುಗಟ್ಟುತ್ತದೆ. ಅದು ಚರ್ಮರೋಗ ವೈದ್ಯರಿಗೂ ಕ್ಷೌರಿಕರಿಗೂ ಗೊತ್ತಿರುವ ಸಾಮಾನ್ಯ ಸಂಗತಿ. ತಾಯಿ ಕೂಲಿಗೆ ಹೋದ ಮನೆಯಲ್ಲಿ ಎಂಟು ವರ್ಷದ ಹುಡುಗಿಯ ತಲೆ ಬಾಚುವವರು ಯಾರು? ಒಮ್ಮೆ ಗಂಟು ಕಾಣಿಸಿತೆಂದರೆ ಕತ್ತರಿ ಮುಟ್ಟಿಸಲು ಭಯ, ಮುಟ್ಟಿಸದಿದ್ದಕ್ಕೆ ಗಂಟು ಬೆಳೆಯಿತು, ಬೆಳೆದದ್ದಕ್ಕೆ ದೇವಿಯ ಇಚ್ಛೆ ಖಾತ್ರಿಯಾಯಿತು. ಹೀಗೆ ಮುತ್ತು ಕಟ್ಟಿ ಹುಡುಗಿಯನ್ನು ದೇವಿಗೆ ಬಿಡುವ ದೇವದಾಸಿ ಸಮರ್ಪಣೆಯನ್ನು ರಾಜ್ಯ 1982ರಲ್ಲೇ ಕಾನೂನಿನಿಂದ ನಿಷೇಧಿಸಿದೆ. ಕೊಪ್ಪಳ, ರಾಯಚೂರು, ಬಳ್ಳಾರಿಯ ಕೇರಿಗಳಲ್ಲಿ ಮಾಜಿ ದೇವದಾಸಿಯರು ಇಂದಿಗೂ ಪಿಂಚಣಿಗಾಗಿ ಅರ್ಜಿ ಹಿಡಿದು ಅಲೆಯುತ್ತಾರೆ. ಹೆಚ್ಚುಕಡಿಮೆ ಎಲ್ಲರೂ ದಲಿತರು. ಬೇರೆ ಓಣಿಯ ಹುಡುಗಿಯರ ತಲೆಯಲ್ಲೂ ಜಡೆ ಬರುತ್ತಿತ್ತು, ಅಲ್ಲಿ ಅವರ ತಾಯಂದಿರು ಕತ್ತರಿಸಿ ಒಲೆಗೆ ಹಾಕಿದರು. ದೇವಿ ಬೇಡುವುದಕ್ಕೂ ಜಾತಿ ನೋಡುತ್ತಿದ್ದಳು ಎಂದು ನಾನು ನಂಬಲಾರೆ. ನೋಡಿದವರು ಬೇರೆ.

ಇನ್ನು ಸಿನಿಮಾ. ಕಾಂತಾರ 2022ರಲ್ಲಿ ಬಂದಾಗ ನಮ್ಮ ಕಡೆಯ ಒಂದು ಟಾಕೀಸಿನಲ್ಲಿ ನೋಡಿದೆ. ಕೊನೆಯ ದೃಶ್ಯದಲ್ಲಿ ನನ್ನ ಮುಂದಿನ ಸಾಲಿನ ಯುವಕನೊಬ್ಬ ಎದ್ದು ನಿಂತು ನಡುಗತೊಡಗಿದ. ಅವನ ಗೆಳೆಯರಲ್ಲಿ ಒಬ್ಬ ಕೈಮುಗಿದ, ಇನ್ನೊಬ್ಬ ಮೊಬೈಲು ತೆಗೆದ. 2025ರ ಅಕ್ಟೋಬರಿನಲ್ಲಿ ಎರಡನೆಯದು ಬಂದ ಮೇಲೆ, ದೈವವನ್ನು ಅನುಕರಿಸಬೇಡಿ ಎಂದು ಚಿತ್ರ ತಂಡವೇ ಪ್ರೇಕ್ಷಕರನ್ನು ಕೇಳಿಕೊಳ್ಳಬೇಕಾಯಿತು. ಭೂತಾರಾಧನೆ ಕರಾವಳಿಯದು, ಅದರ ಕಟ್ಟುಪಾಡುಗಳು ಅಲ್ಲಿಯವರಿಗೆ ಗೊತ್ತು. ನಮಗೆ ಅದು ಟಿಕೆಟ್ಟಿನ ಜೊತೆ ಬಂದದ್ದು. ಆದರೆ ನಡುಕ ಮಾತ್ರ ನಮಗೆ ಹೊಸದಲ್ಲ. ಮುದಗಲ್ಲಿನ ಮೊಹರಮ್ಮಿನಲ್ಲಿ ಅಲಾಯಿ ದೇವರು ಹೊತ್ತವರಿಗೆ, ಅವರಲ್ಲಿ ಹಿಂದೂಗಳೂ ಇರುತ್ತಾರೆ, ಮೈತುಂಬುವುದನ್ನು ನೋಡಿಯೇ ನಾವು ಬೆಳೆದವರು.

ಮೈತುಂಬುವುದನ್ನು ನಾಟಕ ಎಂದು ತಳ್ಳಿಹಾಕುವ ಸಂದೇಹವಾದಿಗಳ ಸಾಲಿಗೆ ನಾನು ಸೇರಿಲ್ಲ. ದಿನವೆಲ್ಲ ಸೊಸೆಯ ಮಾತನ್ನು ಕಿವಿಗೆ ಹಾಕಿಕೊಳ್ಳದ ಮನೆ, ಅವಳ ಮೈಮೇಲೆ ದೇವಿ ಬಂದ ದಿನ ಕೈಮುಗಿದು ನಿಂತು ಕೇಳುತ್ತದೆ. ಅವಳು ಗಂಡನ ಕುಡಿತವನ್ನು ಬೈಯಬಹುದು, ಅತ್ತೆಯನ್ನು ಏಕವಚನದಲ್ಲಿ ಕರೆಯಬಹುದು, ಎಳನೀರು ಬೇಡಬಹುದು. ಮರುದಿನ ಅವಳನ್ನು ಯಾರೂ ಅದಕ್ಕಾಗಿ ಹೊಡೆಯುವಂತಿಲ್ಲ, ಏಕೆಂದರೆ ಆಡಿದ್ದು ಅವಳಲ್ಲ. ಸ್ವಂತ ಇಚ್ಛೆ ಇಲ್ಲ ಎಂದು ಒಪ್ಪಿಕೊಂಡರೆ ಮಾತ್ರ ತನ್ನ ಇಚ್ಛೆಯನ್ನು ಹೇಳಲು ಸಿಗುವ ಒಂದು ತಾಸು ಅದು. ಟಾಕೀಸಿನ ಹುಡುಗನದು ಬೇರೆ ಲೆಕ್ಕ. ಅವನ ನಡುಕಕ್ಕೆ ಕೆಳಗೆ ಎಷ್ಟು ಜನ ಲೈಕ್ ಒತ್ತಿದರು ಎಂಬ ಎಣಿಕೆ ಇತ್ತು.

ಬೆಳಗಿನ ಟಿವಿಯ ಜ್ಯೋತಿಷ್ಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಪ್ರಾಧ್ಯಾಪಕ ತನ್ನ 39 ವಿದ್ಯಾರ್ಥಿಗಳಿಗೆ, ಇದು ನಿಮ್ಮೊಬ್ಬರದೇ ಸ್ವಭಾವದ ವಿವರ ಎಂದು ಒಂದೊಂದು ಹಾಳೆ ಕೊಟ್ಟ. ಅವರು ಅದಕ್ಕೆ ಐದಕ್ಕೆ ಸರಾಸರಿ 4.26 ಅಂಕ ಕೊಟ್ಟರು. ಎಲ್ಲ ಹಾಳೆಗಳಲ್ಲಿದ್ದದ್ದು ಒಂದೇ ಬರಹ, ಅದೂ ರಸ್ತೆಬದಿಯ ಜ್ಯೋತಿಷ್ಯ ಪುಸ್ತಕದಿಂದ ಎತ್ತಿದ್ದು. 2008ರಲ್ಲಿ ಜಯಂತ ನಾರಳೀಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದಲ್ಲಿ ಇನ್ನೂ ನೇರವಾದ ಪರೀಕ್ಷೆ ಇಟ್ಟರು. ಬುದ್ಧಿವಂತ ಮಕ್ಕಳ ಮತ್ತು ಬುದ್ಧಿಮಾಂದ್ಯ ಮಕ್ಕಳ ಜಾತಕಗಳನ್ನು ಕಲಸಿ, ತಲಾ 40 ಜಾತಕ ಕೊಟ್ಟು ಬೇರ್ಪಡಿಸಿ ಎಂದರು. ಉತ್ತರ ಕಳುಹಿಸಿದ 27 ಜ್ಯೋತಿಷಿಗಳ ಸರಾಸರಿ ಶೇಕಡಾ 46. ನಾಣ್ಯ ಚಿಮ್ಮಿದ್ದರೆ 50 ಬರುತ್ತಿತ್ತು.

ಮೈಲಾರದ ಕಾರಣಿಕ ಎಂಬ ಭವಿಷ್ಯವಾಣಿ ಇದಕ್ಕಿಂತ ಸೊಗಸು, ಏಕೆಂದರೆ ಅದು ಕಾವ್ಯ. ಹಳೆಯ ಬಳ್ಳಾರಿ ಜಿಲ್ಲೆಯ, ಈಗ ವಿಜಯನಗರಕ್ಕೆ ಸೇರಿದ ಆ ಊರಿನಲ್ಲಿ ಭರತ ಹುಣ್ಣಿಮೆಯ ನಂತರ ಗೊರವಪ್ಪ ಬಿಲ್ಲೇರಿ "ಸದ್ದಲೇ" ಎಂದರೆ ಲಕ್ಷ ಜನರ ಬಯಲು ಉಸಿರು ಬಿಗಿಹಿಡಿಯುತ್ತದೆ. ಎರಡೋ ಮೂರೋ ಪದ ನುಡಿದು ಅವನು ಮೇಲಿನಿಂದ ಬೀಳುತ್ತಾನೆ. ಆ ಪದಗಳನ್ನು ರೈತ ಮಳೆಯೆಂದು, ವ್ಯಾಪಾರಿ ಧಾರಣೆಯೆಂದು, ಟಿವಿಯವರು ಮುಖ್ಯಮಂತ್ರಿಯ ಕುರ್ಚಿಯೆಂದು ಓದುತ್ತಾರೆ. ನನಗೆ ಗೊರವಪ್ಪನ ಮೇಲೆ ತಕರಾರಿಲ್ಲ. ಅವನು ಉಪವಾಸವಿದ್ದು ನುಡಿಯುತ್ತಾನೆ. ತಕರಾರು ಇರುವುದು ಸ್ಟುಡಿಯೊದಲ್ಲಿ ಕುಳಿತು ಅದನ್ನು ನಾಲ್ಕು ತಾಸು ಹಿಗ್ಗಿಸುವವರ ಮೇಲೆ.

ರಾಜ್ಯದ ಮೌಢ್ಯ ನಿಷೇಧ ಕಾಯ್ದೆ 2017ರದು, ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಮಡೆಸ್ನಾನ, ಬಾಯಿಬೀಗ, ಹಾವು ಕಚ್ಚಿದವನಿಗೆ ಚಿಕಿತ್ಸೆ ತಪ್ಪಿಸಿ ಮಂತ್ರ ಹಾಕುವುದು ಅಪರಾಧ. ಜ್ಯೋತಿಷ್ಯ, ವಾಸ್ತು ಸಲಹೆ ಅಪರಾಧವಲ್ಲ ಎಂದು ಅದೇ ಕಾಯ್ದೆಯಲ್ಲಿ ಬಿಡಿಸಿ ಹೇಳಿದೆ. ಬಡವರ ಮೌಢ್ಯಕ್ಕೆ ಪೊಲೀಸು, ಉಳ್ಳವರ ಮೌಢ್ಯಕ್ಕೆ ವಿನಾಯಿತಿ ಎಂದು ಗೆಳೆಯರೊಬ್ಬರು ಹಂಗಿಸುತ್ತಾರೆ. ಅರ್ಧ ಸತ್ಯ. ಹಾವಿನ ವಿಷ ಕೆಲವೇ ತಾಸುಗಳಲ್ಲಿ ಕೊಲ್ಲಬಹುದು, ತಪ್ಪು ದಿಕ್ಕಿಗೆ ಇಟ್ಟ ಬಾಗಿಲು ಕೊಲ್ಲುವುದಿಲ್ಲ, ಹಾಗಾಗಿ ಮೊದಲು ಹಾವಿನ ವಿಷಯ ನೋಡಿದ್ದು ಸರಿಯೇ.

ಧರ್ಮ ಎಂದರೆ ವಿಧಿವಾದವೇ ಎಂಬ ನನ್ನ ಹಳೆಯ ಸರಳ ತೀರ್ಮಾನವನ್ನು ಕೆಡಿಸಿದ್ದು ಗವಿಮಠ. ಜನವರಿಯ ಜಾತ್ರೆಯಲ್ಲಿ ಲಕ್ಷಾಂತರ ರೊಟ್ಟಿ, ಲಕ್ಷಾಂತರ ಮಿರ್ಚಿ ದಾಸೋಹಕ್ಕೆ ಹೋಗುತ್ತವೆ ಎಂಬುದು ಸುದ್ದಿ. ನನಗೆ ಮುಖ್ಯವಾದದ್ದು 2019ರದು. ಹೂಳು, ಜಾಲಿ ತುಂಬಿ ಸತ್ತಿದ್ದ ಹಿರೇಹಳ್ಳವನ್ನು ಮಠದ ಸ್ವಾಮೀಜಿ ಜನರನ್ನು ಕಟ್ಟಿಕೊಂಡು, ತಾವೂ ನೀರಿಗಿಳಿದು, ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಸ್ವಚ್ಛ ಮಾಡಿಸಿದರು. ಬರ ನಮ್ಮ ಕರ್ಮ ಎಂದು ಪ್ರವಚನ ಮಾಡಿ ಮುಗಿಸಬಹುದಿತ್ತು, ಜೆಸಿಬಿ ತರಿಸಿದರು. ಅವರ ತಲೆಯ ಮೇಲಿನ ಬೆಟ್ಟದಲ್ಲಿ ಪಕಮ ಎಂಬ ಪದ ಇದೆ ಎಂದು ಯಾರಾದರೂ ಅವರಿಗೆ ಹೇಳಿದ್ದರೋ ಏನೋ.

ನನ್ನ ಸಂದೇಹ ಶುರುವಾದದ್ದು ಇಷ್ಟು ದೊಡ್ಡ ವಿಷಯಗಳಿಂದಲ್ಲ. ನಮ್ಮ ಕಡೆ ಮಗು ಹುಟ್ಟಿದ ಐದನೆಯ ರಾತ್ರಿ ಸೆಟವಿ ತಾಯಿ ಬಂದು ಹಣೆಬರಹ ಬರೆದು ಹೋಗುತ್ತಾಳೆ. ತಂಗಿ ಹುಟ್ಟಿದಾಗ ನನಗೆ ಎಂಟು ವರ್ಷ. ಅಜ್ಜಿ ತೊಟ್ಟಿಲ ಕೆಳಗೆ ದೀಪ ಹಚ್ಚಿ, ನನ್ನ ನೋಟುಬುಕ್ಕಿನ ಒಂದು ಹಾಳೆ ಹರಿದು, ಮೇಲೊಂದು ಪೆನ್ನಿಟ್ಟಳು. ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ನೋಡಿದೆ. ಹಾಳೆ ಖಾಲಿ ಇತ್ತು. ಅಜ್ಜಿಯನ್ನು ಕೇಳಿದರೆ, "ಹಾಳೆಯ ಮೇಲಲ್ಲ ಮಗನೇ, ಹಣೆಯ ಮೇಲೆ ಬರೆದಿದ್ದಾಳೆ" ಎಂದಳು. ಹಾಗಾದರೆ ನನ್ನ ಹಾಳೆ ಏಕೆ ಹರಿದೆ ಎಂದದ್ದಕ್ಕೆ ತಲೆಗೆ ಒಂದು ಮೊಟಕಿದಳು.

ಕಳೆದ ವರ್ಷ ಆ ತಂಗಿಗೆ ಮಗಳು ಹುಟ್ಟಿದಳು. ಐದನೆಯ ರಾತ್ರಿ ಅವ್ವ ದೀಪ ಹಚ್ಚಿ ಹಾಳೆ, ಪೆನ್ನು ಇಟ್ಟಳು, ನಾನು ಏನೂ ಅನ್ನಲಿಲ್ಲ. ಬೆಳಗ್ಗೆ ಹಳೆಯ ಚಟ ಬಿಡದೆ ಹೋಗಿ ನೋಡಿದೆ. ಈ ಸಲ ಹಾಳೆ ಖಾಲಿ ಇರಲಿಲ್ಲ. ಬಾಣಂತಿ ರಾತ್ರಿ ಹಾಲೂಡಿಸಲು ಎದ್ದಾಗ ಬರೆದಿರಬೇಕು, ಅಕ್ಷರ ಸೊಟ್ಟಗಿದ್ದವು: ಬಿಸಿಜಿ, ಪೋಲಿಯೊ ಆಯಿತು, ಮುಂದಿನದು ಒಂದೂವರೆ ತಿಂಗಳಿಗೆ, ಗುರುವಾರ, ಆಶಾ ಅಕ್ಕನನ್ನು ಕೇಳಬೇಕು. ಅವ್ವ ಅದನ್ನು ಓದಿಸಿಕೊಂಡು ಕೇಳಿ, ಮಡಚಿ, ದೇವರ ಜಗುಲಿಯ ಮೇಲಿಟ್ಟಳು.